ಬಣ್ಣ ಮಾಸಿದ, ಸಿಪ್ಪೆ ಏಳುತ್ತಿರುವ ಫೈಬರ್ ದೋಣಿ: ಯಾವ ಪದರಕ್ಕೆ ಯಾವ ಕೆಲಸ

ಫೈಬರ್ ದೋಣಿ ಕಟ್ಟುವಾಗ ಅಚ್ಚಿಗೆ ಮೊದಲು ಹಾಕುವುದು ಜೆಲ್‌ಕೋಟ್, ಅಂದರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್. ಅದು ಗಟ್ಟಿಯಾದ ಮೇಲೆ ಬೆನ್ನಿಗೆ ಗಾಜಿನ ನಾರಿನ ಮ್ಯಾಟ್, ರೋವಿಂಗ್ (ನೇಯ್ದ ನಾರು) ಕೂರಿಸುತ್ತಾರೆ. ಹೊಸ ದೋಣಿಯಲ್ಲಿ ಜೆಲ್‌ಕೋಟ್ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು, ಅಷ್ಟೇ. ಮುಂದೆ ಹೇಳುವ ಪ್ರತಿಯೊಂದು ಕೆಲಸವೂ ಈ ಅರ್ಧ ಮಿಲಿಮೀಟರನ್ನು ಒಂದಿಷ್ಟು ತಿನ್ನುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಕೆಟ್ಟಿರುವುದು ಯಾವ ಪದರ ಎಂದು ಗೊತ್ತುಮಾಡಿಕೊಳ್ಳಬೇಕು. ಮಲ್ಪೆ, ಗಂಗೊಳ್ಳಿ, ಬೆಂಗ್ರೆ ಕಡೆಯ ಹಳೆ ನಾಡದೋಣಿಗಳಲ್ಲಿ ಜೆಲ್‌ಕೋಟ್ ಮೇಲೆ ಇನಾಮೆಲ್ ಪೇಂಟ್, ಅದರ ಮೇಲೆ ಇನ್ನೊಂದು ಕೈ ಪೇಂಟ್ ಇರುವುದೂ ಉಂಟು. ಅಂಥ ದೋಣಿಗೆ ನೇರವಾಗಿ ಹೊಳಪು ಬರಿಸುವ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದರೆ ದುಡ್ಡೂ ದಂಡ, ಕೈಯೂ ದಂಡ.

ಮೊದಲು ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಪಾತ್ರೆ ತೊಳೆಯುವ ಸೋಪಿನಿಂದ ಎಣ್ಣೆ, ಡೀಸೆಲ್ ಜಿಡ್ಡು ತೆಗೆದು ಒಣಗಿಸಿ. ಆಮೇಲೆ ಮೂರು ಪರೀಕ್ಷೆ ಮಾಡಿ.

ಒಂದು, ಅಂಗೈಯಷ್ಟು ಜಾಗಕ್ಕೆ ನೀರು ಸವರಿ. ಒದ್ದೆಯಾದಾಗ ಹಳೆಯ ಬಣ್ಣ ಮರಳಿ ಕಂಡು, ಒಣಗುತ್ತಿದ್ದಂತೆ ಮತ್ತೆ ಬಿಳಿಚಿಕೊಂಡರೆ ಅದು ಬಿಸಿಲಿಗೆ ಮೇಲ್ಮೈ ಮಾತ್ರ ಪುಡಿಯಾದ ಜೆಲ್‌ಕೋಟ್. ಉಜ್ಜಿದರೆ ಹೊಳಪು ಬರುತ್ತದೆ. ಎರಡು, ಬಿಳಿ ಬನಿಯನ್ ಬಟ್ಟೆಯನ್ನು ಅಸಿಟೋನ್‌ನಲ್ಲಿ ಅದ್ದಿ ಒಂದು ನಿಮಿಷ ಒತ್ತಿ ಹಿಡಿದು ಒರೆಸಿ. ಪದರ ಮೆತ್ತಗಾಗಿ ಬಟ್ಟೆಗೆ ಅಂಟಂಟಾಗಿ ಬಂದರೆ ಮೇಲಿರುವುದು ಇನಾಮೆಲ್ ಥರದ ಪೇಂಟ್. ಒಣ ಪುಡಿಯಷ್ಟೇ ಹತ್ತಿದರೆ ಮಾಸಿದ ಜೆಲ್‌ಕೋಟ್; ಏನೂ ಬರದಿದ್ದರೆ ಜೆಲ್‌ಕೋಟ್ ಇಲ್ಲವೇ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸಿ ಹೊಡೆದ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್. ಮೂರು, ಸಿಪ್ಪೆ ಎದ್ದ ಕಡೆ ಪುಟ್ಟಿ ಹಚ್ಚುವ ಪಟ್ಟಿಯ ಮೂಲೆಯಿಂದ ಎಬ್ಬಿಸಿ ನೋಡಿ. ಸಿಪ್ಪೆ ತೆಳ್ಳಗಿದ್ದು ಬಾಗಿದರೆ ಪೇಂಟ್. ದಪ್ಪಗಿದ್ದು ಮೊಟ್ಟೆಯ ಚಿಪ್ಪಿನಂತೆ ಚಟಚಟ ಮುರಿದರೆ, ಅಡಿಯಲ್ಲಿ ಗಾಜಿನ ನಾರಿನ ಗುರುತು ಕಂಡರೆ ಜೆಲ್‌ಕೋಟೇ ಕಿತ್ತುಬರುತ್ತಿದೆ ಎಂದರ್ಥ. ಸುತ್ತಲೂ ನಾಣ್ಯದಿಂದ ತಟ್ಟುತ್ತಾ ಹೋಗಿ. ಸದ್ದು ಟೊಳ್ಳಾದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಹಾಕಿ.

ಬಿರುಕುಗಳನ್ನೂ ಈಗಲೇ ಓದಿಕೊಳ್ಳಿ. ಜೇಡರ ಬಲೆಯಂತೆ ಒಂದು ಬಿಂದುವಿನಿಂದ ಹರಡಿದ್ದರೆ ಅಲ್ಲಿ ಏನೋ ಬಡಿದಿದೆ. ಸಾಲಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇದ್ದರೆ ಆ ಭಾಗ ಅಲೆಗೆ ಬಾಗುತ್ತಿದೆ. ಒಳಗೆ ಆಸರೆಗೆ ಕೂರಿಸಿದ ಪಟ್ಟಿ ಬಿಟ್ಟಿರಬಹುದು, ಪ್ಲೈವುಡ್ ಕೊಳೆತಿರಬಹುದು. ಅದನ್ನು ಸರಿಮಾಡದೆ ಮೇಲೆ ಎಷ್ಟು ಚಂದ ಮಾಡಿದರೂ ಅದೇ ಗೆರೆಯಲ್ಲಿ ಮತ್ತೆ ಬಿರಿಯುತ್ತದೆ.

ಬರೀ ಮಾಸಿದ್ದರೆ

ತುಕ್ಕಿನ ಕಲೆ, ಅಳಿವೆ ನೀರಿನ ಕಂದು ಗೆರೆಗೆ ಆಕ್ಸಾಲಿಕ್ ಆ್ಯಸಿಡ್ ಪುಡಿ ಸಾಕು. ಒಂದು ಲೀಟರ್ ನೀರಿಗೆ 50ರಿಂದ 100 ಗ್ರಾಂ ಕರಗಿಸಿ, ಕೈಗವಸು ಹಾಕಿಕೊಂಡು ಸವರಿ, 10–15 ನಿಮಿಷ ಬಿಟ್ಟು ಧಾರಾಳ ನೀರಿನಲ್ಲಿ ತೊಳೆಯಿರಿ. ಬಾತ್‌ರೂಮ್ ಆ್ಯಸಿಡ್ ಬೇಡ. ಕಲೆಯೇನೋ ಹೋಗುತ್ತದೆ, ಜೊತೆಗೆ ಸ್ಟೀಲ್ ಬೋಲ್ಟ್‌ಗಳನ್ನೂ ತಿನ್ನುತ್ತದೆ.

ಮಾಸಿದ್ದು ಸ್ವಲ್ಪವೇ ಆದರೆ ನೇರ ರಬ್ಬಿಂಗ್ ಕಾಂಪೌಂಡ್‌ಗೆ ಹೋಗಬಹುದು. ಬೆರಳಿಗೆ ಸುಣ್ಣದ ಹಾಗೆ ಪುಡಿ ಹತ್ತುತ್ತಿದ್ದರೆ ಮೊದಲು ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ; ನಂಬರ್ ಹೆಚ್ಚಿದಷ್ಟೂ ನಯ): 800, 1000, 1500, ಕೊನೆಗೆ 2000. ತೀರಾ ಕೆಟ್ಟಿದ್ದರೆ 600ರಿಂದ ಆರಂಭಿಸಿ. ಅದಕ್ಕಿಂತ ಒರಟು ಕಾಗದ ಮಾಸಿದ ಮೈಗೆ ಬೇಕಿಲ್ಲ. ಕಾಗದವನ್ನು ರಬ್ಬರ್ ಬ್ಲಾಕಿಗೆ ಸುತ್ತಿ, ಬಕೆಟ್ ನೀರಿಗೆ ಎರಡು ಹನಿ ಸೋಪು ಹಾಕಿ ಒದ್ದೆಯಲ್ಲೇ ಉಜ್ಜಿ. ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನಗಲದ ಹಳ್ಳಗಳು ಬೀಳುತ್ತವೆ, ಹೊಳಪು ಬಂದ ಮೇಲೆ ಎದ್ದು ಕಾಣುತ್ತವೆ.

ಪ್ರತಿ ನಂಬರಿಗೂ ಮೊದಲು ಒಣ ಮೈಮೇಲೆ ಪೆನ್ಸಿಲ್‌ನಿಂದ ಅಡ್ಡಾದಿಡ್ಡಿ ಗೆರೆ ಎಳೆಯಿರಿ. ಗೆರೆ ಪೂರ್ತಿ ಹೋದರೆ ಎಲ್ಲ ಕಡೆ ಸಮನಾಗಿ ಉಜ್ಜಿದ್ದೀರಿ ಎಂದು ಲೆಕ್ಕ. 800ರಲ್ಲಿ ಅಡ್ಡ ಉಜ್ಜಿದರೆ 1000ದಲ್ಲಿ ಉದ್ದಕ್ಕೆ ಉಜ್ಜಿ. ಹಿಂದಿನ ಗೀರು ಉಳಿದಿದ್ದರೆ ಆಗ ಕಣ್ಣಿಗೆ ಬೀಳುತ್ತದೆ. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. 800ರ ಗೀರನ್ನು ಕಾಂಪೌಂಡ್ ತೆಗೆಯುವುದಿಲ್ಲ, ಮರೆಮಾಡುತ್ತದೆ. ಮೇಣ ಇಳಿದ ಮೇಲೆ ಬಿಸಿಲಲ್ಲಿ ಎಲ್ಲವೂ ಮತ್ತೆ ಕಾಣುತ್ತವೆ. ಮೂಲೆ, ಅಂಚುಗಳಲ್ಲಿ ಜೆಲ್‌ಕೋಟ್ ತೆಳುವಾಗಿರುತ್ತದೆ, ಕೈ ಹಗುರವಿರಲಿ. ಉಜ್ಜುವಾಗ ಬಣ್ಣದ ಅಡಿಯಿಂದ ಬೇರೆ ಛಾಯೆಯೋ ನಾರಿನ ನೇಯ್ಗೆಯೋ ಇಣುಕಿದರೆ ಜೆಲ್‌ಕೋಟ್ ಮುಗಿಯಿತು. ಅಲ್ಲಿಗೆ ನಿಲ್ಲಿಸಿ.

ಪಾಲಿಷ್‌ಗೆ ವೇಗ ಹೊಂದಿಸಬಹುದಾದ ಮೆಷಿನ್ ಬೇಕು. ವರ್ಕ್‌ಶಾಪಿನಲ್ಲಿ ಸಿಗುವ ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದಕ್ಕೆ ಉಣ್ಣೆಯ ಪ್ಯಾಡ್ ಸಿಕ್ಕಿಸಿದರೆ ಜೆಲ್‌ಕೋಟ್ ಕ್ಷಣದಲ್ಲಿ ಸುಟ್ಟು ಹಳದಿಯಾಗುತ್ತದೆ. ಕಾಂಪೌಂಡನ್ನು ಎರಡಡಿ ಚೌಕದಷ್ಟು ಜಾಗಕ್ಕೆ ಮಾತ್ರ ಹಚ್ಚಿ, 600–900 ಸುತ್ತಿನಲ್ಲಿ ಹರಡಿ, ಆಮೇಲೆ 1,200–1,800ಕ್ಕೆ ಏರಿಸಿ. ಮೆಷಿನ್ ಒಂದೇ ಕಡೆ ನಿಲ್ಲಬಾರದು. ಅಂಗೈ ಇಟ್ಟರೆ ಬೆಚ್ಚಗಿರಬಹುದು, ಸುಡಬಾರದು. ನೇರ ಬಿಸಿಲಲ್ಲಿ ಕಾಂಪೌಂಡ್ ಒಣಗಿ ಉಂಡೆಕಟ್ಟುತ್ತದೆ, ಚಪ್ಪರದಡಿ ಕೆಲಸ ಮಾಡಿ. ಉಣ್ಣೆ ಪ್ಯಾಡ್ ಆದ ಮೇಲೆ ಫೋಮ್ ಪ್ಯಾಡ್‌ನಲ್ಲಿ ನಯ ಪಾಲಿಷ್, ಕೊನೆಗೆ ಕಾರ್ನೂಬಾ ಮೇಣ ಎರಡು ಸಲ. ನಮ್ಮ ಬಿಸಿಲಿಗೆ ಮೇಣ ಮೂರು-ನಾಲ್ಕು ತಿಂಗಳಿಗಿಂತ ಹೆಚ್ಚು ತಡೆಯುವುದಿಲ್ಲ. ಕೆಂಪು, ಕಡುನೀಲಿ ದೋಣಿಗಂತೂ ತಪ್ಪದೆ ಹಚ್ಚಿ. ಮಾಸುವುದರಲ್ಲಿ ಅವೇ ಮುಂದು. ಮುಂದೆ ಪೇಂಟ್ ಹೊಡೆಯುವ ಯೋಚನೆಯಿದ್ದರೆ ಸಿಲಿಕೋನ್ ಇರುವ ಪಾಲಿಷ್ ಮುಟ್ಟಲೇಬೇಡಿ. ಅದರ ಜಿಡ್ಡು ಸ್ವಲ್ಪ ಉಳಿದರೂ ಹೊಸ ಪೇಂಟ್ ಮೀನಿನ ಕಣ್ಣಿನಂತೆ ಗುಂಡಗುಂಡಗೆ ಬಿಟ್ಟುಕೊಳ್ಳುತ್ತದೆ.

ಜೆಲ್‌ಕೋಟ್ ಕಿತ್ತುಬಂದಿದ್ದರೆ

ಸಡಿಲವಾದದ್ದನ್ನೆಲ್ಲ ಕಿತ್ತು, ಗಟ್ಟಿ ಅಂಚು ಸಿಗುವವರೆಗೆ ಹೋಗಿ, 80ರ ಕಾಗದದಲ್ಲಿ ಅಂಚನ್ನು ಇಳಿಜಾರಾಗಿಸಿ. ಬಿರುಕನ್ನು ‘ವಿ’ ಆಕಾರಕ್ಕೆ ತೆರೆಯಿರಿ, ಇಲ್ಲದಿದ್ದರೆ ಪುಟ್ಟಿ ಒಳಗೆ ಇಳಿಯುವುದಿಲ್ಲ. ಆಳದ ಗುಂಡಿಗೆ ಯಾವ ಪುಟ್ಟಿ ಎಂಬುದು ಮೇಲೆ ಏನು ಬರುತ್ತದೆ ಎಂಬುದರ ಮೇಲಿದೆ. ಮೇಲೆ ಜೆಲ್‌ಕೋಟ್ ಬರುವುದಾದರೆ ಪಾಲಿಯೆಸ್ಟರ್ ಅಥವಾ ವಿನೈಲ್ ಎಸ್ಟರ್ ಪುಟ್ಟಿ; ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಹಿಡಿಯುವುದು ಕಷ್ಟ, ಸರಿಯಾಗಿ ಗಟ್ಟಿಯಾಗದೆಯೂ ಹೋಗಬಹುದು. ಮೇಲೆ ಪೇಂಟ್ ಬರುವುದಾದರೆ ಎಪಾಕ್ಸಿ ಪುಟ್ಟಿಯೇ ಒಳ್ಳೆಯದು. ಕಾರಿನ ಡೆಂಟಿಗೆ ಹಾಕುವ ಪುಟ್ಟಿ ನೀರು ಹೀರುತ್ತದೆ, ನೀರಿನ ಗೆರೆಯಿಂದ ಕೆಳಗೆ ಬೇಡ.

ತಳದಲ್ಲಿ ಗುಳ್ಳೆಗಳಿದ್ದು, ಚುಚ್ಚಿದಾಗ ವಿನೆಗರ್‌ನಂಥ ಹುಳಿ ವಾಸನೆಯ ನೀರು ಬಂದರೆ ಅದು ಆಸ್ಮೋಸಿಸ್, ಅಂದರೆ ಜೆಲ್‌ಕೋಟ್ ದಾಟಿ ನೀರು ಒಳಗಿಳಿದಿದೆ. ವರ್ಷವಿಡೀ ನೀರಲ್ಲೇ ಕಟ್ಟಿಡುವ ದೋಣಿಗೆ ಬರುವುದು ಹೆಚ್ಚು. ಗುಳ್ಳೆ ಒಡೆದು, ಮತ್ತೆ ಮತ್ತೆ ಸಿಹಿನೀರಿನಲ್ಲಿ ತೊಳೆದು, ವಾರಗಟ್ಟಲೆ ಒಣಗಿಸಿಯೇ ಎಪಾಕ್ಸಿ ತುಂಬಬೇಕು. ಒಣಗಿದೆಯೇ ಎಂದು ನೋಡಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಬದಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು.

ಜೆಲ್‌ಕೋಟ್ ಕೊಳ್ಳುವಾಗ ಐಸೊ (ಐಸೊಫ್ತಾಲಿಕ್) ದರ್ಜೆಯದನ್ನೇ ಕೇಳಿ, ಐಸೊ-ಎನ್‌ಪಿಜಿ ಸಿಕ್ಕರೆ ಇನ್ನೂ ಉತ್ತಮ. ಎಂಇಕೆಪಿ ಹಾರ್ಡನರ್ ಅಳತೆ ತೂಕದಲ್ಲಿ ನೂರಕ್ಕೆ 1ರಿಂದ 2. ಕರಾವಳಿಯ ಸೆಕೆಗೆ 1.5 ಸಾಕು, ಅಂದರೆ 100 ಗ್ರಾಂಗೆ ಒಂದೂವರೆ ಗ್ರಾಂ. ಅಂದಾಜಿನಲ್ಲಿ ಸುರಿಯದೆ ಸಿರಿಂಜ್ ಬಳಸಿ. ಒಂದಕ್ಕಿಂತ ಕಡಿಮೆಯಾದರೆ ಪೂರ್ತಿ ಗಟ್ಟಿಯಾಗದೆ ಬೇಗ ಮಾಸುತ್ತದೆ, ಎರಡಕ್ಕಿಂತ ಹೆಚ್ಚಾದರೆ ಬಿರಿಯುತ್ತದೆ. ಕೆಲವು ರೆಸಿನ್‌ಗೆ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಮೊದಲು ಕೋಬಾಲ್ಟನ್ನು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್ ಹಾಕಿ. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಎರಡಕ್ಕೂ ಒಂದೇ ಸಿರಿಂಜ್, ಒಂದೇ ಅಳತೆ ಕಪ್ ಬೇಡ. ತೆಳು ಮಾಡಲು ಥಿನ್ನರ್, ಅಸಿಟೋನ್ ಸುರಿಯುವ ಅಭ್ಯಾಸವೂ ಕೆಟ್ಟದ್ದು, ಪದರದಲ್ಲಿ ಸೂಜಿತೂತುಗಳಾಗುತ್ತವೆ. ಬೇಕೇಬೇಕಿದ್ದರೆ ಸ್ಟೈರೀನ್, ಅದೂ ನೂರಕ್ಕೆ 5ರೊಳಗೆ.

ಗಾಳಿ ತಾಗುವ ಜೆಲ್‌ಕೋಟ್ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಅದಕ್ಕೇ ಕೊನೆಯ ಕೈಗೆ ಮಾತ್ರ ವ್ಯಾಕ್ಸ್ ದ್ರಾವಣ ಬೆರೆಸಬೇಕು, ಇಲ್ಲವೇ ಸಣ್ಣ ತೇಪೆಯಾದರೆ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಗಾಳಿ ತಪ್ಪಿಸಬೇಕು. ನಡುವಿನ ಕೈಗೆ ವ್ಯಾಕ್ಸ್ ಬೆರೆಸಿದರೆ ಅದರ ಮೇಲಿನದು ಸಿಪ್ಪೆಯಾಗಿ ಏಳುತ್ತದೆ. ತೇಪೆ ಸುತ್ತಲಿಗಿಂತ ಸ್ವಲ್ಪ ಉಬ್ಬಿರಲಿ, ಗಟ್ಟಿಯಾದ ಮೇಲೆ 320ರಿಂದ ತಗ್ಗಿಸುತ್ತಾ ಬನ್ನಿ. ಬಣ್ಣ ಹೊಂದಿಸುವಾಗ ಮಾಸಿದ ಮೈಗೆ ಹೋಲಿಸಬೇಡಿ. ಪಕ್ಕದಲ್ಲಿ ಅಂಗೈಯಗಲ ಪಾಲಿಷ್ ಮಾಡಿ ಅದಕ್ಕೆ ಹೋಲಿಸಿ, ಹಗಲು ಬೆಳಕಲ್ಲೇ. ಹಳೆಯ ಬಿಳಿ ಯಾವತ್ತೂ ಅಪ್ಪಟ ಬಿಳಿಯಲ್ಲ, ಚಿಟಿಕೆ ಹಳದಿಯೋ ಕಂದೋ ಬೇಕಾಗುತ್ತದೆ.

ಇಡೀ ದೋಣಿಗೆ ಪೇಂಟ್

ಸಿಪ್ಪೆ ಎದ್ದದ್ದು ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ತೇಪೆ ಹಾಕುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಲೆಕ್ಕ ಹಾಕಿ ನೋಡಿ. ದೋಣಿಯ ಉದ್ದ 7 ಮೀಟರ್, ನಡುವಿನಲ್ಲಿ ಒಂದು ಅಂಚಿನಿಂದ ತಳ ಬಳಸಿ ಇನ್ನೊಂದು ಅಂಚಿಗೆ ಟೇಪ್ ಹಿಡಿದರೆ 3.2 ಮೀಟರ್ ಎಂದಿಟ್ಟುಕೊಳ್ಳಿ. ತುದಿಗಳಲ್ಲಿ ಕಿರಿದಾಗುವುದಕ್ಕೆ 0.85ರಿಂದ ಗುಣಿಸಿದರೆ 7 × 3.2 × 0.85, ಅಂದರೆ ಹೊರಮೈ ಸುಮಾರು 19 ಚದರ ಮೀಟರ್. ಅರ್ಧ ಮಿಲಿಮೀಟರ್ ಜೆಲ್‌ಕೋಟ್‌ಗೆ ಚದರ ಮೀಟರಿಗೆ 600 ಗ್ರಾಂ ಹಿಡಿದರೂ 11–12 ಕಿಲೋ, ಆಮೇಲೆ ಪೂರ್ತಿ ಉಜ್ಜುವ ಕೆಲಸ. ಪಿಯು ಪೇಂಟ್ ಆದರೆ ಲೀಟರಿಗೆ 10 ಚದರ ಮೀಟರ್ ಲೆಕ್ಕದಲ್ಲಿ ಕೈಗೆ 2 ಲೀಟರ್, ಮೂರು ಕೈಗೆ 6. ಕೆಲಸದ ದೋಣಿಗೆ ಪಿಯು ಪೇಂಟೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಹಳೆ ಇನಾಮೆಲ್ ಪೂರ್ತಿ ಹೋಗಲೇಬೇಕು, ಪಿಯು ಥಿನ್ನರ್ ತಾಗಿದರೆ ಅದು ಸುಕ್ಕುಗಟ್ಟಿ ಏಳುತ್ತದೆ. ಕಬ್ಬಿಣ, ಮರಕ್ಕೆ ಬಳಸುವ ಪೇಂಟ್ ರಿಮೂವರ್ ಪಾಲಿಯೆಸ್ಟರನ್ನೂ ಮೆತ್ತಗಾಗಿಸುತ್ತದೆ, ಬ್ಲೋ ಲ್ಯಾಂಪ್ ರೆಸಿನ್ ಸುಡುತ್ತದೆ. ಪಟ್ಟಿ, 80ರ ಕಾಗದ, ತಾಳ್ಮೆ. ಕಾಗದ ಹಿಡಿಯುವ ಮೊದಲು ಎರಡು ಬಟ್ಟೆ ಇಟ್ಟುಕೊಂಡು, ಒಂದರಿಂದ ಅಸಿಟೋನ್ ಸವರಿ ಆರುವ ಮುನ್ನ ಇನ್ನೊಂದರಿಂದ ಒರೆಸಿ. ಮೇಣ ತೆಗೆಯದೆ ಉಜ್ಜಿದರೆ ಮೇಣವೇ ಗೀರುಗಳೊಳಗೆ ತುಂಬಿಕೊಳ್ಳುತ್ತದೆ. ಒಂದೇ ಮಳೆಗಾಲಕ್ಕೆ ಪೇಂಟ್ ಸಿಪ್ಪೆ ಏಳುವ ದೋಣಿಗಳಲ್ಲಿ ಹೆಚ್ಚಾಗಿ ನಡೆದಿರುವುದು ಇದೇ.

180ರಲ್ಲಿ ಮುಗಿಸಿ ಎಪಾಕ್ಸಿ ಪ್ರೈಮರ್ ಎರಡು ಕೈ, 320ರಲ್ಲಿ ಉಜ್ಜಿ ಪಿಯು ಎರಡು-ಮೂರು ಕೈ. ಬೆರಕೆಯ ಅಳತೆ, ಕೈಗಳ ನಡುವಿನ ಹೊತ್ತು ಡಬ್ಬಿಯ ಮೇಲಿದ್ದಂತೆಯೇ ಇರಲಿ. ಒಬ್ಬರು ಫೋಮ್ ರೋಲರ್‌ನಲ್ಲಿ ಹಚ್ಚುತ್ತಾ ಹೋದಂತೆ ಇನ್ನೊಬ್ಬರು ಹಿಂದೆಯೇ ಒಣ ಬ್ರಷ್ ತುದಿಯಿಂದ ಹಗುರಾಗಿ ಎಳೆದರೆ ಗುಳ್ಳೆ ಉಳಿಯುವುದಿಲ್ಲ. ಸ್ಪ್ರೇ ಬೇಡ: ಪಿಯು ಹಾರ್ಡನರ್‌ನಲ್ಲಿ ಐಸೊಸೈನೇಟ್ ಇದೆ, ಹೊಗೆಯಂತೆ ಹಾರಿದಾಗ ಮೂಗಿಗೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ. ಒಣ ಉಜ್ಜುವಿಕೆಯ ಧೂಳಿಗೆ ಎನ್-95 ಸಾಕು. ಅಸಿಟೋನ್, ಸ್ಟೈರೀನ್ ಆವಿಗೆ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಐಎನ್‌ಡಿ-ಕೆಎ ಎಂದು ಶುರುವಾಗುವ ನೋಂದಣಿ ಸಂಖ್ಯೆ ಅಳಿಸುವ ಮೊದಲು ಫೋಟೊ ತೆಗೆದು, ಅಕ್ಷರದ ಎತ್ತರ ಬರೆದಿಟ್ಟುಕೊಳ್ಳಿ.

ಇನ್ನು ಕಾಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧಕ್ಕೆ ಒಳಪಡುವ ದೋಣಿ ಆಗ ಮೇಲಿರುತ್ತದೆ, ಕೈಗೂ ಬಿಡುವು. ಆದರೆ ಆ ತೇವದಲ್ಲಿ ಜೆಲ್‌ಕೋಟ್, ಪೇಂಟ್ ಎರಡೂ ಕೈಕೊಡುತ್ತವೆ. ಪಿಯು ಮಂಜು ಹಿಡಿದಂತೆ ಬಿಳಿಚುತ್ತದೆ. ಆ ಎರಡು ತಿಂಗಳಲ್ಲಿ ಮಾಡಿನಡಿ ಕೆರೆಯುವುದು, ಉಜ್ಜುವುದು, ಒಣಗಿಸುವುದು, ಪಾಲಿಷ್ ಎಲ್ಲ ಮಾಡಬಹುದು. ಹಚ್ಚುವ ಕೆಲಸವನ್ನು ಏಪ್ರಿಲ್–ಮೇ ಅಥವಾ ಮಳೆ ಪೂರ್ತಿ ಬಿಟ್ಟ ನವೆಂಬರ್ ನಂತರಕ್ಕೆ ಇಟ್ಟುಕೊಳ್ಳಿ. ಚಳಿಗಾಲದಲ್ಲೂ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಗೆ ಶುರುಮಾಡಿ ಮಧ್ಯಾಹ್ನ ಮೂರರೊಳಗೆ ಮುಗಿಸಿ. ಕೊನೆಯ ಕೈ ಆದ ಮೇಲೆ ಒಂದು ವಾರ ನೀರಿಗಿಳಿಸಬೇಡಿ, ಹಗ್ಗ ಉಜ್ಜುವಂತೆ ಕಟ್ಟಲೂಬೇಡಿ.

ಹಾರ್ಡನರ್ ಬೆರೆಸಿ ಉಳಿದ ಜೆಲ್‌ಕೋಟನ್ನು ಡಬ್ಬಿಯಲ್ಲೇ ಬಿಟ್ಟರೆ ತಾನಾಗಿ ಕಾದು ಹೊಗೆಯಾಡುತ್ತದೆ. ಹೊಯಿಗೆಯ ಮೇಲೆ ತೆಳ್ಳಗೆ ಹರಡಿ, ಗಟ್ಟಿಯಾದ ಮೇಲೆ ಹೊಯಿಗೆ ಸಮೇತ ತೆಗೆದು ಕಸಕ್ಕೆ ಹಾಕಿ.