ಗ್ರಾಹಕರ ಸರ್ವೆ ಮಾಡ್ತೀರಾ? ಮೊದಲು ಮೊಬೈಲ್ ನಂಬರ್ ಕಾಲಂ ನೋಡಿ

ತುಮಕೂರಿನಲ್ಲಿ ಮನೆಯಲ್ಲೇ ರಾಗಿ ಬಿಸ್ಕತ್ತು ಮಾಡಿ ಮಾರುವವರು ನೀವು ಎಂದುಕೊಳ್ಳಿ. ಬೆಲ್ಲದ್ದು ಜಾಸ್ತಿ ಹೋಗುತ್ತದೋ ಖಾರದ್ದೋ ತಿಳಿಯಲು ಇನ್ನೂರು ಜನರನ್ನು ಕೇಳಬೇಕು. ಗೂಗಲ್ ಫಾರ್ಮ್ ತೆರೆದ ಕೂಡಲೇ ಕೈ ತಾನಾಗಿ ಬರೆಯುತ್ತದೆ: ಹೆಸರು, ಮೊಬೈಲ್ ನಂಬರ್, ಹುಟ್ಟಿದ ದಿನ. ಅಲ್ಲೇ ಸ್ವಲ್ಪ ನಿಲ್ಲಿ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳಿಗೆ 18 ತಿಂಗಳ ಅವಕಾಶವಿದೆ, ಅಂದರೆ 2027ರ ಮೇ ತನಕ. ರೂಢಿ ಮಾತ್ರ ಇವತ್ತಿನಿಂದಲೇ ಶುರುವಾಗಲಿ. ಕಾಗದದ ಫಾರ್ಮ್ ಆದರೆ ಚಿಂತೆಯಿಲ್ಲ ಎಂದುಕೊಳ್ಳಬೇಡಿ. ಅದನ್ನು ಎಕ್ಸೆಲ್‌ಗೆ ಹಾಕಿದ ಮೇಲೆ ಅದಕ್ಕೂ ಇದೇ ಕಾಯ್ದೆ.

ಮೊದಲ ಕೆಲಸ, ಬೇಡದ ಪ್ರಶ್ನೆ ಹೊಡೆದುಹಾಕುವುದು. ಹುಟ್ಟಿದ ದಿನ ಯಾಕೆ? '25ರಿಂದ 35' ಎಂಬ ವಯಸ್ಸಿನ ಗುಂಪು ಸಾಕಲ್ವಾ?

ಆಮೇಲೆ ಒಪ್ಪಿಗೆ. ಏನು ಕೇಳುತ್ತಿದ್ದೀರಿ, ಯಾಕೆ, ಬೇಡವೆಂದರೆ ಹಿಂದೆ ಪಡೆಯುವುದು ಹೇಗೆ, ದೂರು ಎಲ್ಲಿ ಕೊಡಬೇಕು ಎಂದು ಮೇಲೆಯೇ ಬರೆಯಿರಿ. ಇದನ್ನು ಕನ್ನಡದಲ್ಲಿ ಓದುವ ಅವಕಾಶವನ್ನು ಕಾಯ್ದೆಯೇ ಕೊಡುತ್ತದೆ. ಇಂಗ್ಲಿಷ್ ಜೊತೆಗೆ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಜನ ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ನನಗೆ ಈ ಕಾಯ್ದೆಯಲ್ಲಿ ತುಂಬಾ ಹಿಡಿಸಿದ್ದು ಇದೇ. ಓದಲಾಗದ ಭಾಷೆಯಲ್ಲಿ ಪಡೆದ 'ಹೂಂ' ಒಪ್ಪಿಗೆ ಹೇಗಾದೀತು? ಟಿಕ್ ಅನ್ನು ಅವರೇ ಹಾಕಲಿ, ನೀವು ಮೊದಲೇ ಹಾಕಿಡಬೇಡಿ. 18 ತುಂಬದವರಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಸಣ್ಣ ಸರ್ವೆಯಲ್ಲಿ ಮಕ್ಕಳನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಇನ್ನು ಮೊಬೈಲ್ ನಂಬರ್. ಫಾರ್ಮ್ ತುಂಬಿಸಲು ಹೋದವರು ನಿಜಕ್ಕೂ ಮನೆಗೆ ಹೋಗಿದ್ದರಾ ಎಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ಈ ಕೆಲಸದಲ್ಲಿ ಹಳೆಯ ಪದ್ಧತಿ. ಅದಕ್ಕೆ ನಂಬರ್ ಬೇಕು, ಸರಿ. ಆದರೆ ಉತ್ತರಗಳ ಪಕ್ಕದಲ್ಲಿ ಇಡಬೇಡಿ. ಪ್ರತಿ ಫಾರ್ಮಿಗೂ ಒಂದು ಕ್ರಮಸಂಖ್ಯೆ ಕೊಡಿ, ನಂಬರ್‌ಗಳು ಬೇರೆ ಫೈಲಿನಲ್ಲಿರಲಿ, ಅದಕ್ಕೆ ಪಾಸ್‌ವರ್ಡ್ ಇರಲಿ. ಮಾಹಿತಿಗೆ ಸರಿಯಾದ ಭದ್ರತೆ ಕೊಡದೆ ಅದು ಸೋರಿಹೋದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಸಂಶೋಧನೆ, ಅಂಕಿಅಂಶದ ಕೆಲಸಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ. ಆದರೆ ಆ ಮಾಹಿತಿಯಿಂದ ಯಾವುದೇ ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಬಾರದು, ನಿಯಮದ ಮಾನದಂಡಗಳನ್ನೂ ಪಾಲಿಸಬೇಕು. 'ಖಾರ ಇಷ್ಟ' ಎಂದವರನ್ನು ಆರಿಸಿ ಹಬ್ಬದ ಆಫರ್ ಕಳಿಸಿದಿರೋ, ಅದು ಸರ್ವೆ ಅಲ್ಲ, ಮಾರಾಟ. ಆಫರ್ ಕಳಿಸಲೇಬೇಕೆಂದರೆ ಅದಕ್ಕೆ ಬೇರೆ ಟಿಕ್, ಬೇರೆ ಒಪ್ಪಿಗೆ.

ಪರಿಶೀಲನೆ ಮುಗಿದ ದಿನವೇ ನಂಬರ್‌ಗಳ ಫೈಲ್ ಅಳಿಸಿ. ಸಹಾಯಕ್ಕೆ ಬಂದ ಹುಡುಗರು ವಾಟ್ಸಾಪ್‌ನಲ್ಲಿ ಕಳಿಸಿದ ಫಾರ್ಮ್ ಫೋಟೊಗಳು ಅವರ ಗ್ಯಾಲರಿಯಲ್ಲಿ ಹಾಗೇ ಉಳಿದಿರುತ್ತವೆ. ಅವನ್ನೂ ನಿಮ್ಮೆದುರೇ ಅಳಿಸಲು ಹೇಳಿ.