ಪ್ಲಾಂಟರ್ ಹಡಗಿನ ಅಜ್ಜಿ

ಬಾಸ್ಟನ್ ಹತ್ತಿರದ ನಮ್ಮೂರಿನ ಲೈಬ್ರರಿಯಲ್ಲಿ ವಾರಕ್ಕೆರಡು ಮಧ್ಯಾಹ್ನ ಕೂತು, ತಮ್ಮ ವಂಶದ ಮೂಲ ಹುಡುಕಿಕೊಂಡು ಬರುವವರಿಗೆ ಹಳೆಯ ದಾಖಲೆ ಓದಿಕೊಡುತ್ತೇನೆ. ಧಾರವಾಡದವಳಾದ ನನಗೆ 17ನೇ ಶತಮಾನದ ಇಂಗ್ಲಿಷರ ಉಸಾಬರಿ ಯಾಕೆ ಅಂತ ತವರಿನವರು ಕೇಳುತ್ತಾರೆ. ಅಜ್ಜನ ಟ್ರಂಕಿನಲ್ಲಿದ್ದ ಮೋಡಿ ಲಿಪಿಯ ಕಾಗದಗಳನ್ನು ಓದುವವರು ಮನೆಯಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಸಂಕಟ ನನಗೆ ಚೆನ್ನಾಗಿ ಗೊತ್ತು. ಬೇರೆಯವರ ಅಜ್ಜಂದಿರ ಕಾಗದವನ್ನಾದರೂ ಓದಿಕೊಡೋಣ ಅನ್ನಿಸಿತು.

ಒಮ್ಮೆ ಹಿರಿಯ ಹೆಂಗಸೊಬ್ಬರು ಒಂದು ಹಾಳೆ ಹಿಡಿದು ಬಂದರು. ತಮ್ಮ ಮೂಲಪುರುಷ ವಿಲಿಯಂ ಲಾರೆನ್ಸ್ 12ನೇ ವಯಸ್ಸಿಗೆ, 1635ರಲ್ಲಿ, ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೊರಟ ‘ಪ್ಲಾಂಟರ್’ ಎಂಬ ಹಡಗು ಹತ್ತಿದ ಅನಾಥ ಹುಡುಗ ಎಂದರು. ಜೊತೆಗೆ 17 ವರ್ಷದ ಅಣ್ಣ ಜಾನ್, 9 ವರ್ಷದ ತಂಗಿ ಮೇರಿ. ಟಟಲ್ ಎಂಬ ವ್ಯಾಪಾರಿಯ ಮನೆಯ ಆಳುಗಳಾಗಿ ಬಂದರು ಎಂದು ಮನೆಯಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದರು. ಇದನ್ನು ಹೇಳುವಾಗ ಅವರ ಕಣ್ಣು ತುಂಬಿದ್ದವು.

ಇಂಥ ಹೆಸರು ಸಿಕ್ಕ ಕೂಡಲೇ ನಾನು ಮೊದಲು ನೋಡುವುದು ಹೆಸರನ್ನಲ್ಲ. ಆ ಪಟ್ಟಿಯನ್ನು ಯಾರು ಬರೆದರು, ಯಾಕೆ ಬರೆದರು ಎಂಬುದನ್ನು. ಪ್ಲಾಂಟರ್ ಪಟ್ಟಿ ಇರುವುದು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಇ 157/20 ಎಂಬ ಸಂಖ್ಯೆಯ ಕಟ್ಟಿನಲ್ಲಿ. ಲಂಡನ್ ಬಂದರಿನಿಂದ ಹೊರಟವರನ್ನು 1634ರ ಕ್ರಿಸ್‌ಮಸ್‌ನಿಂದ 1635ರ ಕ್ರಿಸ್‌ಮಸ್‌ವರೆಗೆ ಅದರಲ್ಲಿ ಬರೆದಿದ್ದಾರೆ. ಒಂದನೇ ಚಾರ್ಲ್ಸ್ ರಾಜನ ಸರ್ಕಾರಕ್ಕೆ ಎರಡು ಚಿಂತೆಯಿತ್ತು: ತೆರಿಗೆ ಕೊಡುವ ಉಳ್ಳವರು ಜಾಗ ಖಾಲಿ ಮಾಡಬಾರದು, ಇಂಗ್ಲೆಂಡಿನ ಚರ್ಚನ್ನು ಒಪ್ಪದವರು ತಪ್ಪಿಸಿಕೊಳ್ಳಬಾರದು. ಅದಕ್ಕೇ ಹೊರಡುವವರು ರಾಜನಿಷ್ಠೆಯ ಪ್ರಮಾಣ ಮಾಡಬೇಕಿತ್ತು, ಊರ ಪಾದ್ರಿಯಿಂದಲೂ ನ್ಯಾಯಾಧಿಕಾರಿಯಿಂದಲೂ ಚೀಟಿ ತರಬೇಕಿತ್ತು. ಅಂದರೆ ಇದು ಇಂದಿನ ಟಿಕೆಟ್ ಪಟ್ಟಿಯಂಥದ್ದಲ್ಲ, ಪರವಾನಗಿಯ ಲೆಕ್ಕ. ಗುಮಾಸ್ತನಿಗೆ ಬೇಕಿದ್ದದ್ದು ಪ್ರಮಾಣ ಆಯಿತೇ, ಚೀಟಿ ಇದೆಯೇ ಎಂಬುದಷ್ಟೇ. ಯಾರು ಯಾರಿಗೆ ಏನಾಗಬೇಕು ಎಂಬುದು ಅವನಿಗೆ ಬೇಕಿರಲಿಲ್ಲ. ಹಾಗಾಗಿ ಬರೆಯಲಿಲ್ಲ.

ಜಾನ್ ಕ್ಯಾಮ್ಡನ್ ಹಾಟನ್ ಸಂಪಾದಿಸಿದ ಈ ಪಟ್ಟಿಗಳ ಪುಸ್ತಕ 1874ರಲ್ಲಿ ಅಚ್ಚಾಯಿತು. ಹೆಚ್ಚಿನವರು ಇವತ್ತಿಗೂ ಹುಡುಕುವುದು ಆ ಅಚ್ಚಿನ ಪುಸ್ತಕದಲ್ಲೇ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಮೂಲಪುಟದ ಚಿತ್ರ ತರಿಸಿಕೊಂಡು ಓದುತ್ತೇನೆ. ಆ ಕಾಲದ ‘ಸೆಕ್ರೆಟರಿ’ ಕೈಬರಹ ಮೊದಲ ನೋಟಕ್ಕೆ ಮುಳ್ಳಿನ ಬೇಲಿಯ ಹಾಗೆ ಕಾಣುತ್ತದೆ. ‘ಸಿ’ ಅಕ್ಷರ ನಮ್ಮ ಕಣ್ಣಿಗೆ ‘ಆರ್’ ಆಗುತ್ತದೆ, ‘ಇ’ ತಿರುವುಮುರುವು ನಿಂತಿರುತ್ತದೆ, ದೊಡ್ಡ ‘ಎಫ್’ ಬದಲು ಎರಡು ಚಿಕ್ಕ ‘ಎಫ್’ ಬರೆದಿರುತ್ತಾರೆ. ಕ್ರಿಸ್ಟೋಫರ್ ಎಂಬ ಹೆಸರು ‘ಎಕ್ಸ್’ನಿಂದ ಶುರುವಾಗುತ್ತದೆ. ನನ್ನ ಉಪಾಯ ಸರಳ: ಅದೇ ಗುಮಾಸ್ತ ಬರೆದ ಜಾನ್, ಥಾಮಸ್, ಎಲಿಜಬೆತ್‌ಗಳನ್ನು ಹುಡುಕಿ, ಒಂದೊಂದೇ ಅಕ್ಷರವನ್ನು ಬಿಡಿಸಿ, ಅವನದೇ ಕೈಯ ಅಕ್ಷರಮಾಲೆ ಮಾಡಿಕೊಳ್ಳುವುದು. ಗೊತ್ತಿರುವ ಹೆಸರಿನಿಂದ ಗೊತ್ತಿಲ್ಲದ ಹೆಸರಿಗೆ ಹೋಗುವುದು. ಒಂದು ವಾರ ಹಿಡಿಯುತ್ತದೆ, ಆಮೇಲೆ ಬೇಲಿ ತಾನಾಗಿ ದಾರಿ ಬಿಡುತ್ತದೆ.

ಇನ್ನೊಂದು ಎಡವಟ್ಟು ತಾರೀಕಿನದು. ಆಗಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ‘ಕ್ರಿಶ್ಚಿಯನ್’ ಹಡಗಿನ ಪಟ್ಟಿಯ ಮೇಲೆ 1634ರ ಮಾರ್ಚ್ 16 ಎಂದಿದೆ. ನಮ್ಮ ಲೆಕ್ಕಕ್ಕೆ ಅದು 1635. ಯುಗಾದಿಗೆ ಸಂವತ್ಸರ ಬದಲಿಸುವ ಮನೆಯಲ್ಲಿ ಬೆಳೆದವಳಿಗೆ ಇದು ಬೇಗ ತಲೆಗೆ ಹೋಯಿತು. ಇಲ್ಲಿನವರು ಮಾತ್ರ ಮಗು ಹುಟ್ಟುವ ಮೊದಲೇ ನಾಮಕರಣ ಆದಂತೆ ತಾರೀಕು ಕೂಡಿಸಿಕೊಂಡು ಬಂದು ದಿಗಿಲುಪಡುತ್ತಾರೆ. ಇಂಗ್ಲೆಂಡ್ ಈ ಪದ್ಧತಿ ಬಿಟ್ಟದ್ದು 1752ರಲ್ಲಿ.

ಹಡಗಿನ ಹೆಸರನ್ನೂ ನಂಬುವ ಹಾಗಿಲ್ಲ. ಇದರಲ್ಲಿ ನಾನೇ ದೊಡ್ಡ ತಪ್ಪು ಮಾಡಿದ್ದೇನೆ. 1635ರಲ್ಲಿ ಲಂಡನ್ನಿನಿಂದ ನ್ಯೂ ಇಂಗ್ಲೆಂಡಿಗೆ, ಅಂದರೆ ಬಾಸ್ಟನ್ ಸುತ್ತಿನ ಈ ಸೀಮೆಗೆ, ‘ಹೋಪ್‌ವೆಲ್’ ಹೆಸರಿನಲ್ಲಿ ಎರಡು ಪಟ್ಟಿಗಳಿವೆ. ಏಪ್ರಿಲ್‌ನದಕ್ಕೆ ಬಂಡಿಕ್ ಎಂಬಾತ ನಾವಿಕ, ಸೆಪ್ಟೆಂಬರಿನದಕ್ಕೆ ಥಾಮಸ್ ಬ್ಯಾಬ್. ನಾನು ನಾವಿಕನ ಹೆಸರು ಬರೆದುಕೊಳ್ಳದೆ, ಬರೀ ‘ಹೋಪ್‌ವೆಲ್, 1635’ ಎಂದು ಗೀಚಿಕೊಂಡಿದ್ದೆ. ಸೆಪ್ಟೆಂಬರಿನ ಒಂದು ಕುಟುಂಬವನ್ನು ಏಪ್ರಿಲ್‌ನಲ್ಲೇ ಸಾಗರ ದಾಟಿಸಿಬಿಟ್ಟೆ. ಅವರ ಕೂಸಿಗೆ ಇಂಗ್ಲೆಂಡಿನ ಚರ್ಚಿನಲ್ಲಿ ಜೂನ್ ತಿಂಗಳಲ್ಲಿ ದೀಕ್ಷಾಸ್ನಾನ ಆದದ್ದು ಕಣ್ಣಿಗೆ ಬಿದ್ದಾಗಲೇ ಗೊತ್ತಾದದ್ದು. ಅಷ್ಟರಲ್ಲಿ ನನ್ನ ಟಿಪ್ಪಣಿ ಆ ಮನೆಯವರ ಮೂರು ಊರಿನ ನೆಂಟರ ಕೈಸೇರಿತ್ತು. ಪ್ರತಿಯೊಬ್ಬರಿಗೂ ತಿದ್ದುಪಡಿ ಕಳಿಸಿದೆ. ಅಂದಿನಿಂದ ಹಡಗು, ನಾವಿಕ, ತಾರೀಕು ಈ ಮೂರೂ ಇಲ್ಲದೆ ಒಂದು ಸಾಲನ್ನೂ ಬರೆದುಕೊಳ್ಳುವುದಿಲ್ಲ.

ಲಾರೆನ್ಸ್ ಮಕ್ಕಳ ವಿಷಯಕ್ಕೆ ಬರುತ್ತೇನೆ. ಪ್ಲಾಂಟರ್ ಪಟ್ಟಿಯಲ್ಲಿ ಅವರ ಗುಂಪು ಏಪ್ರಿಲ್ 2ರ ಕೆಳಗಿದೆ, ಚೀಟಿ ಹರ್ಟ್‌ಫರ್ಡ್‌ಶೈರಿನ ಸೇಂಟ್ ಆಲ್ಬನ್ಸ್ ಊರಿನದು. ಜಾನ್ ಟಟಲ್, ಜವಳಿ ವ್ಯಾಪಾರಿ, 39. ಜೋನ್ ಟಟಲ್, 42. ಆಮೇಲೆ ಮೂವರು ಲಾರೆನ್ಸ್ ಮಕ್ಕಳು. ಅವರ ಕೆಳಗೆ ಟಟಲ್ ಮಕ್ಕಳು: ಅಬಿಗೇಲ್ 6, ಸೈಮನ್ 4, ಸಾರಾ 2, ಜಾನ್ 1. ಗಂಡನಿಗಿಂತ ಹೆಂಡತಿ ಮೂರು ವರ್ಷ ದೊಡ್ಡವಳು. ಅವಳ ವಯಸ್ಸಿಗೆ ಚೊಚ್ಚಲ ಮಗು 6 ವರ್ಷದ್ದಾಗಿರುವುದು ತಡ. ಲಾರೆನ್ಸ್‌ಗಳನ್ನು ಸೇರಿಸಿದರೆ ಮಾತ್ರ ಮಕ್ಕಳ ವಯಸ್ಸು 17ರಿಂದ 1ರವರೆಗೆ ಮೆಟ್ಟಿಲಿನ ಹಾಗೆ ಇಳಿಯುತ್ತದೆ. ಮೇಲಾಗಿ ಅದೇ ಮನೆಯ ನಿಜವಾದ ಆಳಿನ ಹೆಸರಿನ ಮುಂದೆ ಗುಮಾಸ್ತ ‘ಜಾನ್ ಟಟಲ್‌ನ ಆಳು’ ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ಲಾರೆನ್ಸ್‌ಗಳ ಮುಂದೆ ಬರೆದಿಲ್ಲ. ಅಲ್ಲಿಗೆ ನನಗೆ ಅನುಮಾನ ಬಂತು.

ಅನುಮಾನವನ್ನು ಸಾಕ್ಷ್ಯ ಮಾಡುವುದು ಬಂದರಿನ ಪಟ್ಟಿಯಿಂದ ಆಗುವ ಕೆಲಸವಲ್ಲ. ಅದಕ್ಕೆ ಎರಡೂ ದಡಕ್ಕೆ ಹೋಗಬೇಕು. ಸೇಂಟ್ ಆಲ್ಬನ್ಸ್‌ನ ಚರ್ಚಿನ ಪುಸ್ತಕದಲ್ಲಿ ಥಾಮಸ್ ಲಾರೆನ್ಸ್ ಮತ್ತು ಜೋನ್ ಆಂಟ್ರೋಬಸ್ ಮದುವೆ ಇದೆ, ಅವರ ಮಕ್ಕಳ ದೀಕ್ಷಾಸ್ನಾನವೂ ಇದೆ. ಥಾಮಸ್ ತೀರಿಕೊಂಡ ಮೇಲೆ ಜೋನ್ ಟಟಲ್‌ನನ್ನು ಮದುವೆಯಾದಳು. ವಿಲಿಯಂ ಅನಾಥನಲ್ಲ, ಆಳೂ ಅಲ್ಲ. ಹೆತ್ತ ತಾಯಿಯ ಜೊತೆಗೇ ಬಂದ ಮಗ, ಟಟಲ್‌ಗೆ ಮಲಮಗ.

ಅಷ್ಟೇ ಅಲ್ಲ. ಅದೇ ಗುಂಪಿನಲ್ಲಿ ಜಾರ್ಜ್ ಗಿಡ್ಡಿಂಗ್ಸ್ 25, ಜೇನ್ ಗಿಡ್ಡಿಂಗ್ಸ್ 20 ಎಂಬ ದಂಪತಿ ಇದ್ದಾರೆ. ಆ ಜೇನ್ ಕೂಡ ಲಾರೆನ್ಸ್ ಮಗಳೇ, ವಿಲಿಯಂಗೆ ಅಕ್ಕ. ಇನ್ನೊಂದು ಸಾಲಿನಲ್ಲಿ ‘ಜೋನ್ ಆಂಟ್ರೋಬಸ್, 65’. ಯಾರಿಗೂ ಸೇರದವಳಂತೆ ಒಂಟಿಯಾಗಿ ನಿಂತಿರುವ ಹೆಸರು. ಅವಳು ಜೋನ್ ಟಟಲ್‌ನ ತಾಯಿ, ಈ ಮಕ್ಕಳೆಲ್ಲರ ಅಜ್ಜಿ. ನಾಲ್ಕು ಉಪನಾಮದಡಿ ಹಂಚಿಹೋಗಿದ್ದದ್ದು ಮೂರು ತಲೆಮಾರಿನ ಒಂದೇ ಮನೆ. 65ರ ವಯಸ್ಸಿನಲ್ಲಿ, ಒಂದು ವರ್ಷದ ಮೊಮ್ಮಗನ ಜೊತೆ, ಮಗಳ ಹಿಂದೆ ಸಾಗರ ದಾಟಿದ ಹೆಂಗಸು. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ಈಚೆ ದಡದಲ್ಲಿ ಅವರು ಮ್ಯಾಸಚೂಸೆಟ್ಸ್‌ನ ಇಪ್ಸ್‌ವಿಚ್‌ನಲ್ಲಿ ಕಾಣಿಸಿಕೊಳ್ಳುತ್ತಾರೆ. ಟಟಲ್ ದಂಪತಿ ಮುಂದೆ ಐರ್ಲೆಂಡಿನ ಕ್ಯಾರಿಕ್‌ಫರ್ಗಸ್‌ಗೆ ಹೋದರು, ಲಾರೆನ್ಸ್ ಅಣ್ಣತಮ್ಮಂದಿರು ಲಾಂಗ್ ಐಲೆಂಡಿನ ಕಡೆಗೆ. ಹಾಳೆ ತಂದಿದ್ದ ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ: “ಹಾಗಾದರೆ ರಾತ್ರಿ ಆ ಮಕ್ಕಳು ಅಜ್ಜಿಯ ಹತ್ತಿರ ಮಲಗುತ್ತಿದ್ದರು, ಅಲ್ಲವೇ?” ದಾಖಲೆ ಅದನ್ನು ಹೇಳುವುದಿಲ್ಲ. ಆದರೂ ನಾನು ಹೌದು ಅನ್ನುವ ಹಾಗೆ ತಲೆಯಾಡಿಸಿದೆ.

ಇಷ್ಟು ಚೆನ್ನಾಗಿ ಎಲ್ಲರೂ ಸಿಗುವುದಿಲ್ಲ. 1620ರ ಮೇಫ್ಲವರ್ ಹಡಗಿನ 102 ಪ್ರಯಾಣಿಕರಿಗೆ ಬಂದರಿನ ಪಟ್ಟಿಯೇ ಉಳಿದಿಲ್ಲ. ನಮಗೆ ಗೊತ್ತಿರುವ ಹೆಸರುಗಳು ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಸುಮಾರು 30 ವರ್ಷಗಳ ಮೇಲೆ ನೆನಪಿನಿಂದ ಬರೆದಿಟ್ಟವು. 1630ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಗವರ್ನರ್ ವಿಂತ್ರಾಪ್ ಜೊತೆ ಬಂದ 11 ಹಡಗುಗಳಿಗೂ ಪಟ್ಟಿಯಿಲ್ಲ. 1633ರ ಗ್ರಿಫಿನ್ ಹಡಗಿನಲ್ಲಿ ಬಂದ ಜಾನ್ ಕಾಟನ್, ಥಾಮಸ್ ಹೂಕರ್‌ರಂಥ ಪಾದ್ರಿಗಳು ಅಧಿಕಾರಿಗಳ ಕಣ್ಣು ತಪ್ಪಿಸಿ ಹೊರಟವರು. ಪಟ್ಟಿಯಲ್ಲಿ ಹೆಸರು ಬರಬಾರದು ಎಂಬುದೇ ಅವರ ಪ್ರಯತ್ನವಾಗಿತ್ತು. “ಹೆಸರಿಲ್ಲ, ಹಾಗಾದರೆ ಬಂದಿಲ್ಲ” ಎನ್ನುವವರಿಗೆ ನಾನು ಇವರನ್ನೇ ತೋರಿಸುತ್ತೇನೆ.

ಬ್ರಿಸ್ಟಲ್ ನಗರದ ಪುಸ್ತಕಗಳ ಸ್ವರೂಪವೇ ಬೇರೆ. ಹುಡುಗರನ್ನು ಪುಸಲಾಯಿಸಿ ಕದ್ದು ಹಡಗು ಹತ್ತಿಸುವ ದಂಧೆ ಅತಿಯಾದಾಗ, ಕರಾರಿನ ಮೇಲೆ ಹೋಗುವ ಆಳುಗಳೆಲ್ಲರ ಹೆಸರು ಬರೆಯಬೇಕೆಂದು 1654ರಲ್ಲಿ ನಗರಾಡಳಿತ ಕಟ್ಟಳೆ ಮಾಡಿತು. 1686ರವರೆಗೆ 10,000ಕ್ಕೂ ಹೆಚ್ಚು ಹೆಸರು. ಬಾರ್ಬಡೋಸ್‌ಗೆ, ವರ್ಜೀನಿಯಾಕ್ಕೆ, ಎಷ್ಟು ವರ್ಷದ ದುಡಿಮೆಗೆ ಎಂಬುದೂ ಇದೆ. ಬಡವರನ್ನು ಹುಡುಕುವವರು ಮೊದಲು ಇಲ್ಲಿಗೆ ಬರಬೇಕು.

ವರ್ಜೀನಿಯಾದಲ್ಲಿ ಹೆಸರು ಉಳಿದದ್ದು ಭೂಮಿಯ ಆಸೆಗೆ. ಒಬ್ಬರ ಪ್ರಯಾಣದ ಖರ್ಚು ಕೊಟ್ಟು ಕರೆತಂದರೆ 50 ಎಕರೆ. ಜಮೀನಿನ ಪತ್ರದ ಕೆಳಗೆ ಕರೆತಂದವರ ಹೆಸರು. ಪತ್ರದ ತಾರೀಕು ಬಂದ ತಾರೀಕಲ್ಲ, ಎಷ್ಟೋ ವರ್ಷ ತಡವಾಗಿರಬಹುದು. ಆ ಹಕ್ಕನ್ನು ಮಾರುತ್ತಿದ್ದರಿಂದ ಒಂದೇ ಹೆಸರು ಎರಡು ಪತ್ರದಲ್ಲಿ ಸಿಗುವುದೂ ಉಂಟು. ಇದಕ್ಕಿಂತ ಗಟ್ಟಿ ದಾಖಲೆ 1625ರ ಆರಂಭದ ಜನಗಣತಿ, ಅದರಲ್ಲಿ ಹಲವರಿಗೆ ಬಂದ ಹಡಗು ಮತ್ತು ವರ್ಷ ಕೊಟ್ಟಿದ್ದಾರೆ. ಜೇಮ್ಸ್‌ಟೌನ್‌ನ ವಿಲಿಯಂ ಪಿಯರ್ಸ್ ಮನೆಯ ಲೆಕ್ಕದಲ್ಲಿ ‘ಏಂಜೆಲೊ, ನೀಗ್ರೋ ಹೆಂಗಸು, ಟ್ರೆಷರರ್ ಹಡಗಿನಲ್ಲಿ’ ಎಂಬ ಒಂದು ಸಾಲಿದೆ. ಇಂಗ್ಲಿಷ್ ಕುಟುಂಬ ಹುಡುಕಲು ಹೋದವಳು ನಾನು. ಸೆರೆಯಾಗಿ ಬಂದ ಆಫ್ರಿಕಾದ ಹೆಣ್ಣುಮಗಳೊಬ್ಬಳು ಅದೇ ಕಾಗದದಲ್ಲಿ, ಅದೇ ಶಾಯಿಯಲ್ಲಿ ಕಂಡಳು. ಅವಳ ಹೆಸರನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಕೇಳಿಕೊಂಡು ಬರುವ ಮರಿಮಕ್ಕಳು ಇಲ್ಲದವರ ಸಾಲನ್ನು ಓದದೆ ದಾಟಿ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಅದೇ ಅಭ್ಯಾಸದಿಂದ, ವರ್ಜೀನಿಯಾದ ಜಾರ್ಜ್ ಮೆನಿಫಿ ಎಂಬಾತನ 1635ರ ಜಮೀನಿನ ಪತ್ರ ಓದುವಾಗ, ಕರೆತಂದವರ ಹೆಸರುಗಳ ನಡುವೆ ‘ಟೋನಿ, ಈಸ್ಟ್ ಇಂಡಿಯನ್’ ಎಂಬುದು ಸಿಕ್ಕಿತು. ಪ್ಲಾಂಟರ್ ಹೊರಟ ಅದೇ ವರ್ಷದ ಪತ್ರ. ಆಗ ಆ ಮಾತು ಹಿಂದೂಸ್ತಾನದವರಿಗೂ ಅದರಾಚೆಯ ದ್ವೀಪಗಳವರಿಗೂ ಸಲ್ಲುತ್ತಿತ್ತು, ಹಾಗಾಗಿ ನಮ್ಮ ಕರಾವಳಿಯವನೇ ಎಂದು ಹೇಳಲು ನನಗೆ ಅಧಿಕಾರವಿಲ್ಲ. ಹುಟ್ಟಿದಾಗ ಅವನಿಗೆ ಅವ್ವ ಇಟ್ಟ ಹೆಸರು ಬೇರೆ ಏನೋ ಇದ್ದಿರಬೇಕು. ಟೋನಿ ಬಂದದ್ದು 1635ಕ್ಕಿಂತ ಮುಂಚೆಯೂ ಇರಬಹುದು, ಲಂಡನ್ ಮಾರ್ಗವಾಗಿಯೇ ಇರಬಹುದು. ಅದಕ್ಕೇ ಈಗ ಲೈಬ್ರರಿ ಮುಗಿಸಿ ಮನೆಗೆ ಬಂದ ಮೇಲೆ, ರಾತ್ರಿ ಊಟವಾದ ಬಳಿಕ, ಲಂಡನ್ನಿನ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳನ್ನು 1635ರಿಂದ ಹಿಂದಕ್ಕೆ ಓದುತ್ತಿದ್ದೇನೆ. ಸದ್ಯ 1631ರಲ್ಲಿದ್ದೇನೆ.