ಕಾಸರಗೋಡಿನ ಸೆಕೆಯಲ್ಲಿ ಚಟ್ಟಿ ಸ್ಟ್ರಾಬೆರಿ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಬದಿಯಡ್ಕ ಕಡೆ ಸ್ಟ್ರಾಬೆರಿ ಚಳಿಗಾಲಕ್ಕೆ ಮಾತ್ರ ಬಂದು ಹೋಗುವ ಗಿಡ. ಸ್ಟ್ರಾಬೆರಿಗೆ ಹೆಸರಾದ ಮಹಾರಾಷ್ಟ್ರದ ಮಹಾಬಲೇಶ್ವರ ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ರಾತ್ರಿಯ ತಂಪನ್ನು ಅಡಿಕೆ ತೋಟದ ಅಂಗಳಕ್ಕೆ ತರಲು ಆಗುವುದಿಲ್ಲ. ಆದರೂ ನಾನು ಪ್ರತಿ ವರ್ಷ ನಾಲ್ಕಾರು ಚಟ್ಟಿ ಇಡುತ್ತೇನೆ. ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುವ ಖುಷಿಗೆ ಅಷ್ಟು ಸಾಕು.

ಮಾಮೂಲಿ ತಳಿಗಳು ಹಗಲು ಗಿಡ್ಡವಿದ್ದಾಗ ಹೂ ಬಿಡುವಂಥವು. ನಮ್ಮಲ್ಲಿ ಜೂನ್ ತಿಂಗಳಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ತೊಂದರೆ ಬೆಳಕಿನದ್ದಲ್ಲ, ಸೆಕೆಯದ್ದು. ಸೆಕೆ ಜಾಸ್ತಿಯಾದರೆ ಗಿಡ ಹೂ ಬಿಡುವುದನ್ನು ನಿಲ್ಲಿಸಿ ಬಳ್ಳಿ ಹಬ್ಬಿಸಲು ಹೊರಡುತ್ತದೆ. ಅದಕ್ಕೇ ತುಲಾ ತಿಂಗಳ ಗುಡುಗು ಮಳೆ ನಿಂತ ಮೇಲೆ, ನವೆಂಬರ್ ನಡುವಿನಲ್ಲಿ ನೆಡುತ್ತೇನೆ. ಬೀಜ ಹಾಕುವ ಗೋಜಿಗೆ ಹೋಗಬೇಡಿ. ಬೀಜದ ಗಿಡ ದೊಡ್ಡದಾಗುವಾಗ ಚಳಿಯೇ ಮುಗಿದಿರುತ್ತದೆ. ನರ್ಸರಿಯಲ್ಲಿ ವಿಂಟರ್ ಡಾನ್ ತಳಿಯ ಸಸಿ ಸಿಕ್ಕಿದರೆ ತನ್ನಿ.

ಕಪ್ಪು ಗ್ರೋ ಬ್ಯಾಗ್ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ನನಗೆ ಮಣ್ಣಿನ ಚಟ್ಟಿಯೇ ಇಷ್ಟ. ಅದರ ಮೈಯಿಂದ ನೀರು ಆರುತ್ತಿರುವುದರಿಂದ ಒಳಗೆ ತಂಪಿರುತ್ತದೆ. ಬೇರು ಆಳಕ್ಕೆ ಹೋಗುವುದಿಲ್ಲ. 8 ಇಂಚು ಆಳ, ಅಷ್ಟೇ ಅಗಲ, ಒಂದು ಚಟ್ಟಿಗೆ ಒಂದೇ ಗಿಡ. ಅಡಿಯಲ್ಲಿ ತೂತು ದೊಡ್ಡದಿರಲಿ.

ಇನ್ನು ತೆಂಗಿನ ನಾರಿನ ಹುಡಿ. ನಮ್ಮಲ್ಲಿ ಇದು ಸುಲಭವಾಗಿ ಸಿಗುತ್ತದೆ, ಆದರೆ ಹಾಗೇ ಹಾಕಬಾರದು. ಕರಾವಳಿಯಲ್ಲಿ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಯಿಸುವುದೂ ಉಂಟು, ಆ ಉಪ್ಪು ಹುಡಿಯಲ್ಲೇ ಉಳಿದಿರುತ್ತದೆ. ಸ್ಟ್ರಾಬೆರಿಗೆ ಉಪ್ಪು ಸ್ವಲ್ಪವೂ ಆಗುವುದಿಲ್ಲ, ಎಲೆಯ ಅಂಚು ಸುಟ್ಟ ಹಾಗೆ ಕಂದಾಗುತ್ತದೆ. ನಾನು ಹುಡಿಯನ್ನು ಬಾಲ್ದಿಯಲ್ಲಿ ನೆನೆಸಿ, ನೀರಿನ ಕಂದು ಬಣ್ಣ ತಿಳಿಯಾಗುವವರೆಗೆ ಹಿಂಡಿ ಹಿಂಡಿ ತೊಳೆಯುತ್ತೇನೆ. ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಇಂಥ ಹುಡಿ ಎರಡು ಪಾಲು, ಗುಡ್ಡೆಯ ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಹುಡಿಯಾದ ಹಟ್ಟಿಗೊಬ್ಬರ ಒಂದು ಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಟೊಮೆಟೊ, ಬದನೆ, ಮೆಣಸು ಬೆಳೆದ ಚಟ್ಟಿಯ ಮಣ್ಣು ಬೇಡ, ಅವುಗಳ ಸೊರಗು ರೋಗ ಇದಕ್ಕೂ ಬರುತ್ತದೆ. ಒಲೆಯ ಬೂದಿಯೂ ಬೇಡ. ಅಮ್ಮ ಕಂಡ ಗಿಡಕ್ಕೆಲ್ಲ ಬೂದಿ ಉದುರಿಸುವವರು. ಈ ಚಟ್ಟಿಗಳನ್ನು ಮಾತ್ರ ಅವರ ದಾರಿಯಿಂದ ದೂರ ಇಟ್ಟಿದ್ದೇನೆ! ಸ್ಟ್ರಾಬೆರಿಗೆ ಸ್ವಲ್ಪ ಹುಳಿ ಮಣ್ಣೇ ಹಿತ. ಮುರಕಲ್ಲಿನ ನಮ್ಮ ಮಣ್ಣು ಹೇಗೂ ಹುಳಿಯದ್ದೇ, ಬೂದಿ ಅದನ್ನು ಕೆಡಿಸುತ್ತದೆ.

ನೆಡುವಾಗ ಸುಳಿಯ ಎತ್ತರ ನೋಡಿಕೊಳ್ಳಬೇಕು. ಎಲೆಗಳೆಲ್ಲ ಹುಟ್ಟುವ ಆ ದಪ್ಪ ಬುಡ ಸರಿಯಾಗಿ ಮಣ್ಣಿನ ಮಟ್ಟಕ್ಕೆ ಕೂರಬೇಕು. ಒಳಗೆ ಹೂತರೆ ಕೊಳೆಯುತ್ತದೆ, ಮೇಲೆ ಉಳಿದರೆ ಬೇರು ಒಣಗುತ್ತದೆ. ಸುಳಿ ಕೊಳೆತರೆ ಏನಾಗುತ್ತದೆಂದು ಅಡಿಕೆ ಬೆಳೆಯುವವರಿಗೆ ಬೇರೆ ಹೇಳಬೇಕಾ? ನೀರು ಹಾಕಿದ ಮೇಲೆ ಮಣ್ಣು ಇಳಿಯುವುದರಿಂದ ಮರುದಿನ ಇನ್ನೊಮ್ಮೆ ನೋಡಿ ಸರಿಮಾಡಿ.

ಬಿಸಿಲು ಬೇಕು, ಆದರೆ ಬೆಳಗ್ಗಿನದ್ದು. ನನ್ನ ಚಟ್ಟಿಗಳು ಮನೆಯ ಮೂಡು ಬದಿಯಲ್ಲಿವೆ, ಮಧ್ಯಾಹ್ನದ ಹೊತ್ತಿಗೆ ಗೋಡೆಯ ನೆರಳು ಬರುತ್ತದೆ. ತೋಟದ ಒಳಗಿಟ್ಟರೆ ಬೆಳಕು ಸಾಲದು. ಮಣ್ಣಿನ ಮೇಲೆ ಒಣ ಅಡಿಕೆ ಸಿಪ್ಪೆ ಹರಡುತ್ತೇನೆ. ತೇವ ಉಳಿಯುತ್ತದೆ, ಹಣ್ಣು ಮಣ್ಣಿಗೆ ತಾಗಿ ಕೊಳೆಯುವುದಿಲ್ಲ. ನೀರು ಬೆಳಗ್ಗೆ, ಬುಡಕ್ಕೆ, ಎಲೆಗೆ ಅಲ್ಲ. ಹದಿನೈದು ದಿನಕ್ಕೊಮ್ಮೆ ತೆಳು ಮಾಡಿದ ಎರೆಜಲ (ಎರೆಹುಳು ತೊಟ್ಟಿಯಿಂದ ಬಸಿದ ನೀರು) ಸಾಕು. ಗೊಬ್ಬರ ಜಾಸ್ತಿಯಾದರೆ ಸುಮ್ನೆ ಎಲೆ ಬರುತ್ತದೆ.

ಸಸಿ ಬೇರೂರುವ ಮೊದಲೇ ಬಂದ ಹೂವನ್ನು ಚಿವುಟುತ್ತೇನೆ, ಬಳ್ಳಿ ಕಂಡರೆ ಕತ್ತರಿಸುತ್ತೇನೆ. ಆಮೇಲೆ ಬರುವ ಹೂವಿಗೆ ಜೇನು ಬೇಕು. ಹಣ್ಣಿನ ಮೇಲೆ ಬೀಜದಂತೆ ಕಾಣುವ ಚುಕ್ಕಿಗಳಿವೆ ಅಲ್ವಾ, ಪರಾಗ ಸಿಗದ ಚುಕ್ಕಿಯ ಸುತ್ತ ತಿರುಳು ಉಬ್ಬುವುದಿಲ್ಲ, ಹಣ್ಣು ಸೊಟ್ಟಗಾಗುತ್ತದೆ. ನಮ್ಮ ಗೋಡೆಯ ಸಂದಿಯ ಮುಜಂಟಿ ಜೇನು (ಕುಟುಕದ ಸಣ್ಣ ಜೇನು) ಈ ಕೆಲಸ ಮಾಡಿಕೊಡುತ್ತದೆ. ಇಲ್ಲದವರು ಮೆತ್ತನೆಯ ಬ್ರಷ್‌ನಿಂದ ಹೂವಿನ ನಡುವನ್ನು ಸವರಿ.

ಹೂವಾಗಿ ಸುಮಾರು ಒಂದು ತಿಂಗಳಿಗೆ ಹಣ್ಣು. ತೊಟ್ಟಿನವರೆಗೆ ಕೆಂಪಾಗದೆ ಕೀಳಬೇಡಿ, ಕಿತ್ತ ಮೇಲೆ ಸಿಹಿ ಏರುವುದಿಲ್ಲ. ಅಷ್ಟು ದಿನ ಪಿಕಳಾರ ಬಿಡಬೇಕಲ್ಲ! ಬಲೆ ಕಟ್ಟಲೇಬೇಕು. ರಾತ್ರಿ ಬರುವ ಬಸವನಹುಳುವನ್ನು ಟಾರ್ಚ್ ಹಿಡಿದು ಹೆಕ್ಕುವುದೇ ಉಪಾಯ. ಅಂಗಡಿ ಹಣ್ಣಿಗಿಂತ ಇದು ಸಣ್ಣದು, ಹುಳಿಯೂ ಜಾಸ್ತಿ.

ಮಾರ್ಚ್ ಸೆಕೆಗೆ ಹೂವು ನಿಲ್ಲುತ್ತದೆ. ಮಳೆಗಾಲ ದಾಟಿಸುವ ಹಟ ನನಗಿಲ್ಲ. ಗಿಡ ಕಿತ್ತು, ಚಟ್ಟಿಯ ಮಣ್ಣಿಗೆ ಒಂದಿಷ್ಟು ಹಟ್ಟಿಗೊಬ್ಬರ ಸೇರಿಸಿ ಬಸಳೆ ನೆಡುತ್ತೇನೆ.